ಬಿಗಿದು ಹೊಲಿದ ಹರಳು

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಎಲ್ಲಿಗೇ ಹೋಗಲಿ, ತಂತಿಯು ಶಾಖದ ರೂಪದಲ್ಲಿ ತನ್ನ ಸುಂಕವನ್ನು ವಸೂಲು ಮಾಡದೆ ಬಿಡದು. ಹೊರ್ತಿಯ ನಿಂಬೆ ತೋಟದ ಪಂಪಿಗೂ ಆ ಸುಂಕ ತಪ್ಪಿದ್ದಲ್ಲ. ಸುಂಕವಿಲ್ಲದ ದಾರಿಯೂ ಉಂಟೆಂದು 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನೆಸ್ ತೋರಿಸಿದರು. ಪಾದರಸವನ್ನು 4.2 ಕೆಲ್ವಿನ್‌ವರೆಗೆ, ಎಂದರೆ ಸೊನ್ನೆ ಸೆಂಟಿಗ್ರೇಡಿಗಿಂತ ಸುಮಾರು 269 ಡಿಗ್ರಿ ಕೆಳಗೆ, ತಣಿಸಿದಾಗ ಅದರ ವಿದ್ಯುತ್ ರೋಧವೇ ಇಲ್ಲವಾಯಿತು. ಇದೇ ಅತಿವಾಹಕತೆ.

ಅಷ್ಟೊಂದು ಚಳಿಯನ್ನು ಸಾಕುವುದು ದುಬಾರಿ. 1986ರಲ್ಲಿ ಜ್ಯೂರಿಕ್ ಬಳಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಅವರು ತಾಮ್ರದ ಆಕ್ಸೈಡುಗಳಲ್ಲಿ ಹೊಸ ಬಾಗಿಲನ್ನು ತೆರೆದರು. ಅಂಥ ಪದರರಚನೆಯ ಆಕ್ಸೈಡುಗಳನ್ನು ಅದಕ್ಕೂ ಮುನ್ನವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಗಂಗೂಲಿ ಅಭ್ಯಸಿಸಿದ್ದರೆಂಬುದು ನಾವು ಮರೆಯಬಾರದ ಸಂಗತಿ.

ನಾನೀಗ ಹೇಳಹೊರಟಿರುವುದು ಹೊಸ ವಸ್ತುವಿನ ಮಾತಲ್ಲ, ಇದ್ದ ವಸ್ತುವನ್ನೇ ಬಿಗಿದು ಪಳಗಿಸುವ ಮಾತು. ನಮ್ಮ ಕಡೆ ಕೌದಿ ಹೊಲಿಯುವುದನ್ನು ನೆನೆಯಿರಿ. ಚೌಕಳಿಯ ಎರಡು ಬಟ್ಟೆಗಳಿದ್ದು, ಕೆಳಗಿನದರ ಚೌಕ ತುಸು ಚಿಕ್ಕದೆನ್ನಿ. ಚೌಕಕ್ಕೆ ಚೌಕ ಕೂಡಿಸಿ ಹೊಲಿದರೆ ಮೇಲಿನ ಬಟ್ಟೆ ಅಡ್ಡಕ್ಕೆ ಕುಗ್ಗಿ ಮೇಲಕ್ಕೆ ಉಬ್ಬುತ್ತದೆ. ಹರಳಿನ ಮೇಲೆ ತೆಳುಪೊರೆಯನ್ನು ಬೆಳೆಸಿದಾಗಲೂ ಹಾಗೆಯೇ. ಪೊರೆಯ ಪರಮಾಣುಗಳು ತಳಹರಳಿನ ಅಂತರವನ್ನೇ ಅನುಸರಿಸುತ್ತವೆ. ಲ್ಯಾಂಥನಮ್–ಸ್ಟ್ರಾನ್ಷಿಯಮ್–ತಾಮ್ರದ ಆಕ್ಸೈಡು ಗಟ್ಟಿಯಾಗಿದ್ದಾಗ 25 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. 1998ರಲ್ಲಿ ಲೊಕೆ ಮತ್ತು ಸಂಗಡಿಗರು ಅದರ ಪೊರೆಯನ್ನು ತುಸು ಕಿರಿದಾದ ಅಂತರದ ಹರಳಿನ ಮೇಲೆ ಬೆಳೆಸಿ 49 ಕೆಲ್ವಿನ್ ಮುಟ್ಟಿದರು. ಕುಗ್ಗಿದ್ದು ನೂರರಲ್ಲಿ ಒಂದು ಪಾಲಿಗೂ ಕಡಿಮೆ! ಹಿಗ್ಗಿಸುವ ತಳದ ಮೇಲೆ ಅದೇ ಉಷ್ಣತೆ ಇಳಿಯಿತು. ಎಲ್ಲ ಕಡೆಯಿಂದ ಒತ್ತಿದರೆ ಇಷ್ಟು ಲಾಭವಿಲ್ಲ. ಅಡ್ಡ ಕುಗ್ಗಿದರೆ ಏರುವ ಉಷ್ಣತೆ, ಎತ್ತರ ಕುಗ್ಗಿದರೆ ಇಳಿಯುತ್ತದೆ.

ಎಲ್ಲ ಶ್ರೇಯಸ್ಸೂ ಬಿಗಿತಕ್ಕೇ ಸಲ್ಲಬೇಕೆ? 2002ರಲ್ಲಿ ಬೊಜೊವಿಚ್ ಮತ್ತು ಸಂಗಡಿಗರು ಪೊರೆಯೊಳಗೆ ಸೇರುವ ಆಕ್ಸಿಜನ್ನಿನ ಪಾತ್ರವೂ ದೊಡ್ಡದೆಂದು ತೋರಿಸಿದರು. ಈ ಆಕ್ಷೇಪವನ್ನು ಕಡೆಗಣಿಸುವುದು ನನಗೆ ಸರಿಕಾಣದು. ಜೊತೆಗೆ ಪೊರೆ ದಪ್ಪವಾದಂತೆ ಹೊಲಿಗೆ ಬಿಚ್ಚುತ್ತದೆ. ಪರಮಾಣುಗಳು ತಮ್ಮ ಸಹಜ ಅಂತರಕ್ಕೆ ಮರಳುತ್ತವೆ.

ಆದರೂ ಉಪಾಯ ವ್ಯರ್ಥವಾಗಿಲ್ಲ. ನಿಕಲ್ಲಿನ ಒಂದು ಆಕ್ಸೈಡು ಲಕ್ಷಕ್ಕೂ ಮೀರಿದ ವಾಯುಭಾರದ ಒತ್ತಡದಲ್ಲಿ 80 ಕೆಲ್ವಿನ್ ಸಮೀಪ ಅತಿವಾಹಕವಾಗುವುದೆಂದು 2023ರಲ್ಲಿ ತಿಳಿಯಿತು. ಮರುವರ್ಷದ ಕೊನೆಗೆ ಅದೇ ಆಕ್ಸೈಡಿನ ಬಿಗಿದ ಪೊರೆ, ಯಾವ ಹೊರ ಒತ್ತಡವೂ ಇಲ್ಲದೆ, 40 ಕೆಲ್ವಿನ್ ಆಸುಪಾಸಿನಲ್ಲಿ ರೋಧವನ್ನು ಕಳೆದುಕೊಳ್ಳತೊಡಗಿತು. ಅಗ್ಗವಾಗಿ ದೊರೆಯುವ ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ. ಈ ಪೊರೆ ಇನ್ನೂ ಏರಬೇಕಾದ ದೂರ ಅಷ್ಟು.