ನಿಲ್ಲಿಸುವ ಕ್ರಮ

ಸೇವೆ ಚಾಲೂ ಮಾಡುವುದಕ್ಕೆ ನಾವು ಪುಟಗಟ್ಟಲೆ ಸೂಚನೆ ಬರೆಯುತ್ತೇವೆ. ನಿಲ್ಲಿಸುವುದಕ್ಕೆ ಬಹಳ ಕಡೆ ಇರುವುದು ಒಂದೇ ಸಾಲು, ‘ಕಿಲ್ ಮೈನಸ್ 9’. ತೆರೆಮರೆಯಲ್ಲಿ ಓಡುವ ಜಾವಾ ಸೇವೆಯನ್ನು ಹೀಗೆ ಮುಗಿಸಿದರೆ, ಇಂಥ ಹೊತ್ತಿಗೆಂದೇ ಬರೆದಿಟ್ಟ ಶಟ್‌ಡೌನ್ ಹುಕ್‌ಗಳು ಓಡುವುದೇ ಇಲ್ಲ. 15ನೇ ಸಂಕೇತವಾದ ಸಿಗ್‌ಟರ್ಮ್ ಕೊಟ್ಟರೆ ಓಡುತ್ತವೆ, ಆದರೆ ಎಲ್ಲವೂ ಒಟ್ಟಿಗೆ, ಯಾವುದು ಮೊದಲೆಂಬ ಖಾತರಿಯಿಲ್ಲದೆ. ಡೇಟಾಬೇಸ್ ಸಂಪರ್ಕ ಮುಚ್ಚುವ ಹುಕ್ ಮೊದಲು ಮುಗಿದರೆ, ಬಾಕಿ ದಾಖಲೆಯನ್ನು ಬರೆಯುವುದೆಲ್ಲಿ?

ಆದ್ದರಿಂದ ನಿಲ್ಲುವ ಕ್ರಮ ಸೇವೆಗೇ ಗೊತ್ತಿರಬೇಕು, ಹೊರಗಿನವರಿಗೆ ಅದು ಕಾಣಬೇಕು. ಇದಕ್ಕೆ ಬೇಕಾದ ನಿರ್ವಹಣಾ ಸೌಲಭ್ಯ ಜೆಎಂಎಕ್ಸ್ 2004ರ ಜಾವಾ 5ರಿಂದ ಜಾವಾದೊಂದಿಗೇ ಬರುತ್ತಿದೆ. ನಿಲ್ಲಿಸುವ ಕ್ರಿಯೆಯನ್ನೂ ಬಾಕಿ ಕೆಲಸಗಳ ಎಣಿಕೆಯನ್ನೂ ಅದರಲ್ಲಿ ಎಂಬೀನ್ ಎನ್ನುವ ಒಂದು ವಸ್ತುವಿನಲ್ಲಿಟ್ಟರೆ, ದೂರದಲ್ಲಿ ಜೆಕನ್ಸೋಲ್ ತೆರೆದವರಿಗೆ ಎರಡೂ ಸಿಗುತ್ತವೆ. ಇನ್ನು ಕ್ರಮದ ಮಾತನ್ನು ನಾಲೆಯ ನೀರು ಕಂಡ ಈ ಕರಿಘಟ್ಟದ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿಯಲ್ಲಿ ವಿಶ್ವೇಶ್ವರಯ್ಯ ನಾಲೆಯ ತೂಬು ಮುಚ್ಚಿದ ಮೇಲೂ ನಾಲೆಯೊಳಗಿನ ನೀರು ಕೆಳಗಿನ ಗದ್ದೆಗಳತ್ತ ಹರಿಯುತ್ತಲೇ ಇರುತ್ತದೆ. ಇಲ್ಲಿಯೂ ಹೊಸ ಕೆಲಸ ತೆಗೆದುಕೊಳ್ಳುವುದು ಮೊದಲು ನಿಲ್ಲಬೇಕು, ಕೈಯಲ್ಲಿರುವುದು ಮುಗಿಯಲು ಗಡುವು ಕೊಟ್ಟು ಕಾಯಬೇಕು, ಮುಗಿಯದಿದ್ದರೆ ಥ್ರೆಡ್‌ಗಳಿಗೆ ಇಂಟರಪ್ಟ್ ಕಳಿಸಬೇಕು, ಸಂಪರ್ಕಗಳು ಕಟ್ಟಕಡೆಗೆ. ಅನೇಕರು ಎಡವುವ ಜಾಗವೊಂದಿದೆ. ಎಂಬೀನ್‌ನ ಕ್ರಿಯೆಯೊಳಗೇ ‘ಸಿಸ್ಟಂ ಎಕ್ಸಿಟ್’ ಕರೆದರೆ, ಉತ್ತರ ತಲುಪುವ ಮೊದಲೇ ಸಂಪರ್ಕ ಕಡಿದು, ಕೇಳಿದವರಿಗೆ ಕಾಣುವುದು ದೋಷದ ಸಂದೇಶ. ಕೋರಿಕೆ ಒಪ್ಪಿದೆ ಎಂದು ಹೇಳಿ ಕ್ರಿಯೆ ಮರಳಬೇಕು, ಮುಚ್ಚುವ ಕೆಲಸ ಬೇರೆ ಥ್ರೆಡ್‌ನಲ್ಲಿ ನಡೆಯಬೇಕು. ಅದು ಡೀಮನ್ ಥ್ರೆಡ್ ಆಗಿರಬಾರದು. ಡೀಮನ್‌ಗಳಿಗಾಗಿ ಜೆವಿಎಂ ಕಾಯುವುದಿಲ್ಲ.

ಹೀಗೆ ಕ್ರಮವಾಗಿ ನಿಲ್ಲಿಸುವುದಕ್ಕೆ ಗಟ್ಟಿ ಆಕ್ಷೇಪ ಬಂದದ್ದು 2003ರಲ್ಲಿ, ಸಂಶೋಧಕರಾದ ಜಾರ್ಜ್ ಕ್ಯಾಂಡಿಯಾ ಮತ್ತು ಆರ್ಮಾಂಡೋ ಫಾಕ್ಸ್ ಅವರಿಂದ. ಸೇವೆ ಹೇಗಿದ್ದರೂ ಒಂದು ದಿನ ಕುಸಿಯುತ್ತದೆ. ಹಾಗಿದ್ದ ಮೇಲೆ ಕುಸಿದು ಏಳುವುದೊಂದನ್ನೇ ಚೆನ್ನಾಗಿ ಕಲಿಸಿ, ನಿಲ್ಲಿಸಲು ಬೇರೆ ದಾರಿ ಬೇಡ ಎಂಬುದು ಅವರ ವಾದ. ಅರ್ಧ ಒಪ್ಪುತ್ತೇನೆ. ಚೇತರಿಸಿಕೊಳ್ಳಲು ಬಾರದ ಸೇವೆಗೆ ನಯವಾದ ನಿಲುಗಡೆ ಬರೀ ತೋರಿಕೆ. ಆದರೆ ಚೇತರಿಕೆ ಕಾಯುವುದು ನಮ್ಮ ದಾಖಲೆಗಳನ್ನಷ್ಟೇ. ಬ್ಯಾಂಕಿಗೆ ಹಣ ರವಾನೆಯ ಕೋರಿಕೆ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಸೇವೆ ಸತ್ತಿತೆನ್ನಿ. ಹಣ ಹೋಯಿತೋ ಇಲ್ಲವೋ ಎಂದು ಎದ್ದ ಮೇಲೆ ಆಚೆಯವರನ್ನೇ ವಿಚಾರಿಸಬೇಕು. ಅಪಘಾತದಲ್ಲಿ ಈ ಪಾಡು ತಪ್ಪದು, ಸರಿ. ಹೊಸ ಆವೃತ್ತಿ ಹಾಕುವಾಗಲೆಲ್ಲ ಅದನ್ನು ನಾವಾಗಿಯೇ ತಂದುಕೊಳ್ಳುವುದೇಕೆ? ಕುಬರ್ನೆಟೀಸ್ ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ನಾವು ಬೇರೆ ಹೇಳದಿದ್ದರೆ ಅದು ಸಿಗ್‌ಟರ್ಮ್ ಕೊಟ್ಟು 30 ಸೆಕೆಂಡು ಕಾದು ಕೊಲ್ಲುತ್ತದೆ, ಅಷ್ಟೆ. ಆ 30 ಸೆಕೆಂಡಿನ ಬಳಕೆ ಸೇವೆಯ ಹೊಣೆಯೇ.

ಭದ್ರತೆಯ ಆಕ್ಷೇಪ ಇನ್ನೂ ತೂಕದ್ದು. ಬೀಗವಿಲ್ಲದ ಜೆಎಂಎಕ್ಸ್ ಪೋರ್ಟ್ ಸಿಕ್ಕವರು ಸೇವೆ ನಿಲ್ಲಿಸುವುದಷ್ಟೇ ಅಲ್ಲ, ತಮ್ಮ ಕೋಡನ್ನೇ ಅಲ್ಲಿ ಓಡಿಸಬಲ್ಲರು. ಆದರೆ ಪೋರ್ಟ್ ತೆರೆದಾಗ ಗುರುತು ಪರಿಶೀಲನೆಯೂ ಎಸ್‌ಎಸ್‌ಎಲ್ ರಕ್ಷಣೆಯೂ ತಾವಾಗಿಯೇ ಜಾರಿಯಲ್ಲಿರುತ್ತವೆ. ಅವಸರಕ್ಕೆ ಎರಡನ್ನೂ ತೆಗೆದುಹಾಕುವವರು ನಾವು. ಅವನ್ನು ಉಳಿಸಿಕೊಂಡು, ಜೆಎಂಎಕ್ಸ್ ದೂರಸಂಪರ್ಕಕ್ಕೆ ಬಳಸುವ ಆರ್‌ಎಂಐ ತನಗೆ ತೋಚಿದಂತೆ ಹಿಡಿಯುವ ಎರಡನೆಯ ಪೋರ್ಟನ್ನೂ ನಿಗದಿ ಮಾಡಿದರೆ ಫೈರ್‌ವಾಲ್ ಕಾಯುವವರಿಗೆ ದಿಕ್ಕು ಸಿಗುತ್ತದೆ. ಉಳಿಯುವುದು ತಂತ್ರಜ್ಞಾನದ್ದಲ್ಲದ ಪ್ರಶ್ನೆ: ಗಡುವು ಎಷ್ಟು, ಅದು ಮೀರಿದಾಗ ಬಾಕಿ ಕೆಲಸವನ್ನು ಕೈಬಿಡಲು ಅಪ್ಪಣೆ ಕೊಡುವವರು ಯಾರು? ಇಂದಿನ ಗೋಷ್ಠಿಗಳು ಅದನ್ನು ಕೈಗೆತ್ತಿಕೊಳ್ಳಲಿ.