ಹತ್ತು ಜನ ಸೇರಬೇಕು

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್. ಭಾಷಣ ಮಾಡಿ ಅಭ್ಯಾಸ ಇಲ್ಲ, ತಪ್ಪಿದ್ರೆ ಕ್ಷಮಿಸಿ.

ಡೆಟ್ರಾಯಿಟ್ ಹತ್ತಿರ ಬ್ಲೂಮ್‌ಫೀಲ್ಡ್‌ನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, ಟೆಂಪಲ್ ಬೆತ್ ಎಲ್. ಅದನ್ನು ನೋಡಿ ಬಂದೆ. ದೂರದಿಂದ ದೊಡ್ಡ ಡೇರೆ ಹಾಕಿದ ಹಾಗೆ ಕಾಣುತ್ತೆ. ಅವರ ಹಿರಿಯರು ಮರುಭೂಮಿಯಲ್ಲಿ ಡೇರೆ ಕಟ್ಟಿ ದೇವರನ್ನು ಆರಾಧಿಸಿದ ಕಥೆ ಇದೆಯಲ್ಲ, ಅದೇ ನೆನಪಾಯ್ತು. ವಿನ್ಯಾಸ ಮಿನೋರು ಯಮಸಾಕಿ ಅವರದು. ಜಪಾನಿನಿಂದ ವಲಸೆ ಬಂದವರ ಮಗ. ಕಾಲೇಜು ಖರ್ಚಿಗೆ ಅಲಾಸ್ಕಾದ ಮೀನು ಕಾರ್ಖಾನೆಯಲ್ಲಿ ದುಡಿದವರು. ಷಿಕಾಗೊ ಹತ್ತಿರ ಗ್ಲೆಂಕೋದಲ್ಲಿರುವ 1964ರ ಮಂದಿರವೂ ಅವರದೇ.

ನನ್ನ ಕಣ್ಣು ಮೊದಲು ಹೋಗಿದ್ದು ದೀಪದ ಕಡೆ. ಧರ್ಮಗ್ರಂಥ ಇಡುವ ಜಾಗದ ಮುಂದೆ ಸದಾ ಉರಿಯುವ ದೀಪ, ನಮ್ಮ ನಂದಾದೀಪದ ಹಾಗೆ. 1850ರಲ್ಲಿ ಹನ್ನೆರಡು ಕುಟುಂಬಗಳು ಒಂದು ಮನೆಯಲ್ಲಿ ಸೇರಿ ಶುರು ಮಾಡಿದ ಸಮುದಾಯ ಇದು. ಹಲವು ಜಾಗ ಬದಲಿಸಿ 1973ರಲ್ಲಿ ಇಲ್ಲಿಗೆ ಬಂತು.

ಅವರ ಸಂಪ್ರದಾಯದಲ್ಲಿ ತೀರಿಹೋದವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಸೇರಲೇಬೇಕು. ದುಃಖದಲ್ಲಿ ಇರೋನು ಒಬ್ಬನೇ ಹೇಳೋ ಹಾಗಿಲ್ಲ.

ಇದನ್ನು ಕೇಳಿ ನನಗೆ ಗಂಟಲು ಕಟ್ಟಿತು. ಅಪ್ಪ ತೀರಿಕೊಂಡಾಗ ನನಗೆ ಊರಿಗೆ ಹೋಗೋಕೆ ಆಗಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಒಬ್ಬನೇ ಕೂತಿದ್ದೆ. ಮಾರನೇ ದಿನ ಕೆಲಸಕ್ಕೆ ಹೋದೆ, ಯಾರಿಗೂ ಹೇಳಲಿಲ್ಲ.

ಮುಂದೆ ನಮ್ಮಲ್ಲಿ ಯಾರಿಗಾದ್ರೂ ಊರಿಂದ ಅಂಥ ಫೋನ್ ಬಂದ್ರೆ, ದಯವಿಟ್ಟು ಹೇಳಿ. ಹತ್ತು ಜನ ಬರ್ತೀವಿ.