ಅಡಿಕೆ ಚೊಗರು, ಜೋಳದ ಬೆಂಡು, ಹಳೇ ಅಚ್ಚಿನ ಮೊಳೆ: ಚಿತ್ರ ಬರೆಯೋಕೆ ಬರದವರ ಚಿತ್ರಕಲೆ

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಅಂಗಡಿ ಗಲ್ಲಾ ಮೇಲೆ ಫೋನ್ ಇಟ್ಕೊಂಡು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಕೊಲಾಜ್ ಮತ್ತು ಪ್ರಿಂಟ್‌ಮೇಕಿಂಗ್. ಸರಳವಾಗಿ ಹೇಳೋದಾದ್ರೆ ಅಂಟಿಸೋದು ಮತ್ತು ಅಚ್ಚು ಹಾಕೋದು.

ಮೊದಲೇ ಹೇಳ್ಬಿಡ್ತೀನಿ, ನಾನು ಕಲಾವಿದ ಅಲ್ಲ. ಬಿ.ಕಾಂ. ಓದಿದವನು. ಆನೆ ಬರಿ ಅಂದ್ರೆ ಎಮ್ಮೆ ಬರುತ್ತೆ. ಕಳೆದ ಅಡಿಕೆ ಕೊಯ್ಲಿನಿಂದ ಈಚೆಗೆ ಇದನ್ನ ಮಾಡ್ತಿದ್ದೀನಿ, ಇನ್ನೂ ಕಲೀತಿದ್ದೀನಿ. ಆದ್ರೆ ಈ ಎರಡು ಕಲೆಗೂ ಕೈ ಚಳಕಕ್ಕಿಂತ ಮೊದಲು ಬೇಕಾಗಿರೋದು ಕಣ್ಣು.

ಕೊಲಾಜ್ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ ನಾನು ದಾವಣಗೆರೆ ಜಿಲ್ಲೆಯ ಮ್ಯಾಪ್ ತೋರಿಸ್ತೀನಿ. 1997ರಲ್ಲಿ ಜಿಲ್ಲೆ ಆದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದ್ವು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ. ಆಮೇಲೆ ಹರಪನಹಳ್ಳಿಯನ್ನ ಕಿತ್ತು ವಾಪಸ್ ಬಳ್ಳಾರಿಗೆ ಅಂಟಿಸಿದ್ರು, ಈಗದು ವಿಜಯನಗರ ಜಿಲ್ಲೆಯಲ್ಲಿದೆ. ಹೊನ್ನಾಳಿಯಿಂದ ನ್ಯಾಮತಿಯನ್ನ ಕತ್ತರಿಸಿ ಹೊಸ ತಾಲ್ಲೂಕು ಮಾಡಿದ್ರು. ಬೇರೆ ಬೇರೆ ಕಡೆಯ ತುಂಡು ತಂದು ಒಂದೇ ಹಾಳೆ ಮೇಲೆ ಇಟ್ಟಾಗ ಹೊಸ ಅರ್ಥ ಬರುತ್ತಲ್ಲ, ಅದೇ ಕೊಲಾಜ್. 1912ರಲ್ಲಿ ಫ್ರಾನ್ಸ್‌ನಲ್ಲಿ ಪಿಕಾಸೊ, ಬ್ರಾಕ್ ಪೇಂಟಿಂಗ್ ಜೊತೆ ಪೇಪರ್ ತುಂಡು ಅಂಟಿಸಿದಾಗ ಕಲಾಲೋಕ ಬೆರಗಾಯ್ತು. ನಮ್ಮ ಅಜ್ಜಿಯರು ಅಷ್ಟೊತ್ತಿಗಾಗಲೇ ಹಳೇ ಸೀರೆ ತುಂಡು ಸೇರಿಸಿ ಕೌದಿ ಹೊಲೀತಿದ್ರು.

ಹಾಗಾಗಿ ನಾನು ಸಾಮಾನಿಗೆ ಬೆಂಗಳೂರಿನ ಆರ್ಟ್ ಅಂಗಡಿ ಹುಡುಕಲಿಲ್ಲ. ನಾಲ್ಕು ತಾಲ್ಲೂಕು ಸುತ್ತಿದೆ.

ಮೊದಲು ಚನ್ನಗಿರಿ. ಇಲ್ಲಿ ಬಣ್ಣಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯೋ ಕೆಂಪು ನೀರು, ಅದೇ ಚೊಗರು. ಬಟ್ಟೆ ಮೇಲೆ ಬಿದ್ರೆ ಹೋಗಲ್ಲ ಅಂತ ಅಮ್ಮಂದಿರು ಬೈತಾರಲ್ಲ, ಆ ಹಟವೇ ನಮಗೆ ಬೇಕಾದ ಗುಣ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆ ಇದೇ ಅಡಿಕೆ ಬಣ್ಣವನ್ನ ಕೈಮಗ್ಗದ ಬಟ್ಟೆಗೆ ಬಳಸುತ್ತೆ. ನಾನು ಡ್ರಾಯಿಂಗ್ ಶೀಟ್ ಮೇಲೆ ಬ್ರಶ್‌ನಿಂದ ಹಚ್ಚಿದೆ. ಒಂದು ಕೋಟ್‌ಗೆ ಟೀ ಬಣ್ಣ, ಮೂರು ಕೋಟ್‌ಗೆ ಇಟ್ಟಿಗೆ ಬಣ್ಣ.

ಇದರಲ್ಲೊಂದು ಮಜಾ ಇದೆ. ತುಕ್ಕು ಹಿಡಿದ ಮೊಳೆಗಳನ್ನ ವಿನೆಗರ್‌ನಲ್ಲಿ ಕೆಲವು ದಿನ ನೆನೆಸಿಟ್ಟು, ಆ ನೀರನ್ನ ಚೊಗರು ಒಣಗಿದ ಮೇಲೆ ಹಚ್ಚಿ. ಕೆಂಪು ಹೋಗಿ ಕಣ್ಣೆದುರೇ ಕಪ್ಪಾಗುತ್ತೆ. ಅಡಿಕೆಯ ಟ್ಯಾನಿನ್ ಮತ್ತು ಕಬ್ಬಿಣ ಸೇರಿದ್ರೆ ಕಪ್ಪು ಬಣ್ಣ. ಯೂರೋಪಿನವರು ಶತಮಾನಗಳ ಕಾಲ ಬರೆದ ಶಾಯಿಯ ಗುಟ್ಟೂ ಇದೇ. ತೆಳ್ಳಗೆ ಹಚ್ಚಿ, ಹೆಚ್ಚಾದ್ರೆ ವರ್ಷಗಳು ಕಳೆದಂತೆ ಕಬ್ಬಿಣ ಕಾಗದವನ್ನೇ ತಿನ್ನುತ್ತೆ.

ಎರಡನೇದು ಜಗಳೂರು. ಮಳೆ ಕಡಿಮೆ, ಮೆಕ್ಕೆಜೋಳ ಜಾಸ್ತಿ. ಕಾಳು ಬಿಡಿಸಿದ ಬೆಂಡಿಗೆ ಬಣ್ಣ ಮೆತ್ತಿ ಕಾಗದದ ಮೇಲೆ ಉರುಳಿಸಿ ನೋಡಿ, ಸಾಲು ಸಾಲಾಗಿ ಚುಕ್ಕಿ ಬೀಳುತ್ತೆ, ಬಿತ್ತಿದ ಹೊಲದ ಥರ. ಮೇಲಿನ ಸಿಪ್ಪೆಯನ್ನ ಪುಸ್ತಕದ ಕೆಳಗಿಟ್ಟು ಒಣಗಿಸಿದ್ರೆ ಗೆರೆಗೆರೆಯ ಕಾಗದ ರೆಡಿ.

ಇವೆರಡನ್ನೂ ಸೇರಿಸಿ ಮಾಡೋದು ಕೊಲಾಗ್ರಫ್, ಅಂದ್ರೆ ಕೊಲಾಜ್‌ನಿಂದಲೇ ಅಚ್ಚು. ಹಳೇ ನೋಟ್‌ಬುಕ್ಕಿನ ರಟ್ಟು ತಗೊಳ್ಳಿ. ಜೋಳದ ಸಿಪ್ಪೆ, ಅಡಿಕೆ ಹಾಳೆಯ ನಾರು, ಗೋಣಿಚೀಲದ ದಾರ ಫೆವಿಕಾಲ್‌ನಿಂದ ಅಂಟಿಸಿ. ಮೇಲೆ ಇನ್ನೆರಡು ಕೋಟ್ ಫೆವಿಕಾಲ್ ಬಳಿದು ರಾತ್ರಿಯಿಡೀ ಒಣಗಿಸಿ. ಬೆಳಿಗ್ಗೆ ಸ್ಪಂಜಿನಲ್ಲಿ ಕಪ್ಪು ಇಂಕ್ ತೆಳ್ಳಗೆ ತಟ್ಟಿ, ಸ್ವಲ್ಪ ಒದ್ದೆ ಮಾಡಿದ ಕಾಗದ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿ. ಮಷಿನ್ ಬೇಕಾಗಿಲ್ಲ. ಪ್ರೆಸ್‌ಗಳಲ್ಲಿ ಬಳಸೋ ಎಣ್ಣೆ ಇಂಕ್ ಆದ್ರೆ ನಿಧಾನವಾಗಿ ಒಣಗುತ್ತೆ, ಕೆಲಸಕ್ಕೆ ಸಮಯ ಸಿಗುತ್ತೆ. ಕೈಗೆ ಹತ್ತಿದ್ರೆ ಅಡುಗೆ ಎಣ್ಣೆ ಹಚ್ಚಿ ಒರೆಸಿ.

ಮೂರನೇದು ಹೊನ್ನಾಳಿ. ಮದುವೆ ಪತ್ರಿಕೆ ಮಾಡ್ತಿದ್ದ ಒಂದು ಹಳೇ ಪ್ರೆಸ್‌ಗೆ ಇಂಕ್ ಕೇಳೋಕೆ ಹೋಗಿದ್ದೆ. ಮೂಲೆಯಲ್ಲಿ ಟ್ರೆಡಲ್ ಮಷಿನ್ ಧೂಳು ಹಿಡಿದು ನಿಂತಿತ್ತು. ಪಕ್ಕದಲ್ಲಿ ಡಬ್ಬಗಟ್ಟಲೆ ಕನ್ನಡ ಅಕ್ಷರದ ಮೊಳೆಗಳು, ಗಣಪತಿಯ ಬ್ಲಾಕ್, ಬಾಳೆಕಂಬದ ಬ್ಲಾಕ್. ‘ಇವೇನ್ ಮಾಡ್ತೀರಿ ಅಜ್ಜಾ?’ ಅಂದೆ. ‘ಗುಜರಿಯೋನು ಕೆ.ಜಿ. ಲೆಕ್ಕದಾಗ ತಗಂತಾನಪ್ಪ. ಸೀಸ ಐತಲ್ಲ’ ಅಂದ್ರು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು, ಮೊಳೆ ಆಯ್ತು, ಆಫ್‌ಸೆಟ್ ಬಂತು, ಈಗ ಫ್ಲೆಕ್ಸ್. ತಂತ್ರಜ್ಞಾನ ಬದಲಾಗ್ಲಿ, ಬೇಜಾರಿಲ್ಲ. ಆದ್ರೆ ಊರಿನ ಎಷ್ಟೋ ಮದುವೆ, ನಾಟಕ, ಜಾತ್ರೆಯ ಸುದ್ದಿ ಹೊತ್ತ ಅಕ್ಷರ ಸೀಸದ ರೇಟಿಗೆ ಕರಗೋದು ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಗುಜರಿ ರೇಟೇ ಕೊಟ್ಟು ಒಂದು ಡಬ್ಬ ತಂದೆ. ನಿಮ್ಮೂರಲ್ಲೂ ಇಂಥ ಪ್ರೆಸ್ ಇದ್ರೆ ಈ ವಾರವೇ ಹೋಗಿ ಬನ್ನಿ. ಒಂದು ಎಚ್ಚರಿಕೆ: ಸೀಸ ವಿಷ. ಮೊಳೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀಬೇಕು, ಮಕ್ಕಳ ಕೈಗೆ ಕೊಡಬಾರದು.

ನಾಲ್ಕನೇದು ನ್ಯಾಮತಿ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರೋದು ಈ ತಾಲ್ಲೂಕಲ್ಲೇ. ಲಂಬಾಣಿ ಅಜ್ಜಿಯರ ಫೇಟಿಯಾ, ಕಾಂಚಳಿ ನೋಡಿದ್ದೀರಲ್ಲ? ಬಟ್ಟೆ ತುಂಡು, ಕನ್ನಡಿ, ಕವಡೆ, ನಾಣ್ಯ, ದಾರ. ಮಿಕ್ಸ್‌ಡ್ ಮೀಡಿಯಾ ಅಂತ ಇಂಗ್ಲಿಷ್ ಪುಸ್ತಕ ಹೇಳೋದು ಇದನ್ನೇ. ಇಲ್ಲಿ ನಾನು ಟೈಲರ್ ಅಂಗಡಿಯ ಚೂರು ಬಟ್ಟೆ ತಂದೆ, ಲಂಬಾಣಿ ವಿನ್ಯಾಸವನ್ನ ನಕಲು ಮಾಡಲಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. ಟ್ಯಾಗ್ ಇಲ್ಲದಿದ್ರೂ ಅದು ಆ ಹೆಣ್ಣುಮಕ್ಕಳ ದುಡಿಮೆ. ಅವರ ವಿನ್ಯಾಸ ಬೇಕಾದ್ರೆ ಅವರ ಜೊತೆ ಕೂತು, ಕೇಳಿ, ದುಡ್ಡು ಕೊಟ್ಟು ಮಾಡ್ಬೇಕು.

ಕೇಳೋ ಮಾತು ಮನೆಯೊಳಗೂ ಅನ್ವಯಿಸುತ್ತೆ. ಹರಿದಿದ್ದು ವಾಪಸ್ ಬರಲ್ಲ. ಅಪ್ಪನ ಹಳೇ ಖಾತೆ ಪುಸ್ತಕ ನನಗೆ ಬೇಕಿತ್ತು. ಕೇಳಿದ್ದಕ್ಕೆ ಅಪ್ಪ, ‘ಬಾಕಿ ವಸೂಲಾಗದಿರೋ ಪುಟ ಬಿಟ್ಟು ಉಳಿದಿದ್ದು ಹರ್ಕೋ’ ಅಂದ್ರು. ಆಮೇಲೆ ಪುಟ ತಿರುಗಿಸ್ತಾ ಹೋದ್ರು. ಯಾವ ವರ್ಷ ಬೆಳೆ ಕೈಕೊಡ್ತು, ಯಾರು ಮಗಳ ಮದುವೆಗೆ ಸಾಲ ಮಾಡಿದ್ರು, ಒಂದು ಗಂಟೆ ಹೇಳಿದ್ರು. ಕೊನೆಗೆ ನಾನು ಅಸಲು ಪುಟ ಮುಟ್ಟಲಿಲ್ಲ. ಗಿರಾಕಿಗಳ ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿ ಅದನ್ನ ಅಂಟಿಸಿದೆ. ಪಹಣಿ, ಮಾರ್ಕ್ಸ್‌ಕಾರ್ಡ್ ಕಡೆಗಂತೂ ಕತ್ತರಿ ತಿರುಗಿಸಲೇಬೇಡಿ!

ಕಾಮರ್ಸ್‌ನವನಾಗಿ ಒಂದು ಲೆಕ್ಕ. ಒಂದು ರಟ್ಟಿನಿಂದ ಹತ್ತು ಪ್ರಿಂಟ್ ತೆಗೀತೀನಿ. ಕೆಳಗೆ ಎಡಗಡೆ ಪೆನ್ಸಿಲ್‌ನಲ್ಲಿ 1/10, 2/10 ಅಂತ ನಂಬರ್, ಬಲಗಡೆ ಸಹಿ. ಇದು ಪ್ರಿಂಟ್‌ಮೇಕಿಂಗ್‌ನ ಪದ್ಧತಿ. ಹತ್ತು ಅಂದ್ಮೇಲೆ ಹತ್ತೇ, ಹನ್ನೊಂದನೇದು ತೆಗೆದ್ರೆ ಕೊಂಡವರಿಗೆ ಮಾಡಿದ ಮೋಸ. ಹತ್ತೂ ಅಸಲೇ, ಒಂದರ ನಕಲು ಇನ್ನೊಂದಲ್ಲ. ಒಬ್ಬ ಶ್ರೀಮಂತನ ಗೋಡೆಗೆ ಹೋಗೋ ಬದಲು ಹತ್ತು ಸಾಮಾನ್ಯ ಮನೆಗೆ ಹೋಗೋ ಚಿತ್ರ ಇದು. ಅದಕ್ಕೇ ನನಗೆ ಈ ಕಲೆ ಇಷ್ಟ.

ಇದನ್ನ ಶಿಸ್ತಾಗಿ ಕಲೀಬೇಕು ಅನ್ನಿಸಿದ್ರೆ ದೂರ ಹೋಗಬೇಕಾಗಿಲ್ಲ. ದಾವಣಗೆರೆಯಲ್ಲೇ 1964ರಲ್ಲಿ ಶುರುವಾದ ದೃಶ್ಯಕಲಾ ಕಾಲೇಜಿದೆ.

ಈ ವಾರದ ಹೋಮ್‌ವರ್ಕ್: ನಿಮ್ಮ ಮನೆಯಿಂದ ನೂರು ಹೆಜ್ಜೆಯೊಳಗೆ ಸಿಗೋ ಮೂರು ವಸ್ತು ರಟ್ಟಿಗೆ ಅಂಟಿಸಿ, ಒಂದು ಅಚ್ಚು ತೆಗೀರಿ. ಫೋಟೋ ಕಳಿಸುವಾಗ ಆ ಮೂರು ವಸ್ತು ಯಾವುದು, ಯಾರನ್ನ ಕೇಳಿ ತಂದ್ರಿ ಅಂತ ವಾಯ್ಸ್ ನೋಟ್‌ನಲ್ಲಿ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.